ಕಂಬ ಹಿಡಿದ ಹಗ್ಗ

ಹರಿವಾಣದ ಬೆಲೆ ಹದಿನಾರು ಸಾವಿರ. ಎರಡು ಕೆಜಿ ಬೆಳ್ಳಿ, ಮಜೂರಿ ಸೇರಿ. ಹೊಳೆಯಿಂದ ಅದನ್ನು ಎತ್ತಿಕೊಟ್ಟರೆ ಮಂಟೇಸ್ವಾಮಿಗೆ ಕೊಡುತ್ತೇವೆಂದು ಒಪ್ಪಿದ್ದು ಐವತ್ತು ರೂಪಾಯಿ, ಒಂದು ಪಂಚೆ. ಅವನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಹಗ್ಗ ಕೊಚ್ಚಿಯಲ್ಲಿ ಕೊಂಡಾಗ ಎಂಬತ್ತೈದು ರೂಪಾಯಿ. ಅವನು ಸತ್ತು ಎರಡು ವರ್ಷವಾದ ಮೇಲೆ ಅವನ ಹೆಸರು ಕೆತ್ತಿಸಿದ ಕಲ್ಲಿಗೆ ನಾಲ್ಕು ಸಾವಿರದ ಇನ್ನೂರು, ಶಾಮಿಯಾನಕ್ಕೆ ಒಂಬೈನೂರು, ಮೈಕಿಗೆ ಮುನ್ನೂರು, ಶಾಲಿಗೆ ನೂರಾ ಅರವತ್ತು. ಹಗ್ಗವನ್ನು ಕೈಯಲ್ಲಿ ಹಿಡಿದು ನಿಲ್ಲುವುದಕ್ಕೆ ಒಂದು ಕಾಸೂ ಖರ್ಚಿರಲಿಲ್ಲ. ಅದೊಂದನ್ನು ಮಾತ್ರ ಯಾರೂ ಮಾಡಲಿಲ್ಲ.

ಹಳೇಕಡವು ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಕಪಿಲೆಯ ದಂಡೆಯ ಊರು. 2001ರ ನವೆಂಬರಿನಲ್ಲಿ ಒಂದು ಬೆಳಗ್ಗೆ ಪಂಚಾಯ್ತಿ ಅಧ್ಯಕ್ಷ ಪುಟ್ಟಸ್ವಾಮಿ ಕೇರಿಗೆ ಬಂದ. ಜೊತೆಗೆ ಹೈಸ್ಕೂಲಿನ ಹೆಡ್‌ಮಾಸ್ತರು ಕೃಷ್ಣಪ್ರಸಾದ್. ಅವರು ದೇವಸ್ಥಾನ ಸಮಿತಿಗೂ ಕಾರ್ಯದರ್ಶಿ. ಓಟಿನ ಕಾಲ ಬಿಟ್ಟರೆ ಕೇರಿಗೆ ಕಾಲಿಡದ ಇಬ್ಬರು. ಚಾಪೆ ತರಲು ಎದ್ದ ಇಂದ್ರಾಣಿಯನ್ನು ಬೇಡವೆಂದು ತಡೆದು, ನಲ್ಲಿಕಟ್ಟೆಯ ಹತ್ತಿರ ನಿಂತೇ ಮಾತಾಡಿದರು. ಸಾಕಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಡಲಿಲ್ಲ.

"ಸಾಕಿ, ನಿನ್ ಗಂಡಂಗೆ ಸನ್ಮಾನ ಕಣಮ್ಮಿ," ಅಂದ ಪುಟ್ಟಸ್ವಾಮಿ.

"ಯಾವ ಗಂಡಂಗೆ ಬುದ್ಧಿ? ಇದ್ದೊಬ್ಬ ಓದ್ನಲ್ಲ."

"ಓದೋನ್ಗೇ ಕಣಮ್ಮಿ."

ಹೆಡ್‌ಮಾಸ್ತರು ಬಿಡಿಸಿ ಹೇಳಿದರು. ಮೈಸೂರಿನಲ್ಲಿ ಚಂಗಪ್ಪ ಎಂಬ ನಿವೃತ್ತ ಅಧಿಕಾರಿ ಇದ್ದಾರೆ, ಕೊಡಗಿನವರು. ನೌಕಾಪಡೆಯಲ್ಲಿ ಇದ್ದು ಬಂದವರದ್ದು ಒಂದು ಸಂಘ ಕಟ್ಟಿದ್ದಾರೆ. ಹಳೆಯ ಪಟ್ಟಿ ತೆಗೆದು ನೋಡಿದಾಗ, ಈ ಸೀಮೆಯಿಂದ ಹೋಗಿ ಹಡಗಿನ ಡೈವರ್ ಆದ ಮೊದಲನೆಯವನು ಮಂಟೇಸ್ವಾಮಿ ಎಂದು ತಿಳಿದಿದೆ. ಡಿಸೆಂಬರ್ ನಾಲ್ಕಕ್ಕೆ ನೌಕಾಪಡೆಯ ದಿನ. ಅವರೇ ಬರುತ್ತಾರೆ. ದೇವಸ್ಥಾನದಿಂದ ಹೊಳೆಗಿಳಿಯುವ ಮೇಲಿನ ಸೋಪಾನದಲ್ಲಿ ಒಂದು ಕಲ್ಲು ನಿಲ್ಲಿಸಿ, ಸಾಕಮ್ಮನ ಕೈಯಿಂದಲೇ ಬಟ್ಟೆ ಸರಿಸುವುದು.

"ಮೇಲಿನ್ ಸೋಪಾನದಲ್ಲಾ?" ಅಂದಳು ಸಾಕಮ್ಮ.

"ಅಲ್ಲೇ ಕಣಮ್ಮಿ. ಕಾಲ ಬದಲಾಯ್ತು," ಅಂದ ಪುಟ್ಟಸ್ವಾಮಿ. ಆಮೇಲೆ ಇಂದ್ರಾಣಿಯ ಕಡೆ ತಿರುಗಿ, "ನಿನ್ ಅಂಗನವಾಡಿ ಕಾಗ್ದ ನನ್ ಟೇಬಲ್ ಮೇಲೇ ಅದೆ ಕಣವ್ವ. ಫಂಕ್ಸನ್ ಮುಗೀಲಿ, ಸೈನ್ ಆಕಿ ಕಳಿಸ್ತೀನಿ," ಎಂದ. ಹೇಳುವಾಗ ಅವನ ಕಣ್ಣು ಸಾಕಮ್ಮನ ಮೊರದ ಮೇಲಿತ್ತು.

*

ಮಂಟೇಸ್ವಾಮಿ ನೌಕಾಪಡೆಗೆ ಸೇರಿದ್ದು ಇಪ್ಪತ್ತನೆಯ ವಯಸ್ಸಿಗೆ, ಅರವತ್ತೆರಡರಲ್ಲಿ. ಸೇರಿದ್ದು ಹಡಗಿನ ಕಕ್ಕಸು ತೊಳೆಯುವುದಕ್ಕೆ. ನಾಲ್ಕು ವರ್ಷ ತೊಳೆದ. ಒಂದು ದಿನ ಬಂದರಿನಲ್ಲಿ ಸರಪಳಿಯ ದೊಡ್ಡ ಕೊಂಡಿಯೊಂದು ನೀರಿಗೆ ಬಿತ್ತು. ಡೈವರುಗಳು ಬರುವುದು ತಡವಾಯಿತು. ಪೊರಕೆ ಕೆಳಗಿಟ್ಟು ಇವನು ಹಾರಿದ. ಮೂರನೆಯ ಸಲಕ್ಕೆ ಕೊಂಡಿ ಎದೆಗವಚಿಕೊಂಡು ಮೇಲೆ ಬಂದ. ಯಾರೋ ಅಧಿಕಾರಿ ಹೆಸರು ಬರೆದುಕೊಂಡು ಹೋದ. ಆರು ತಿಂಗಳಾದ ಮೇಲೆ ಇವನನ್ನು ಮುಳುಗುವ ವಿದ್ಯೆ ಕಲಿಯಲು ಹಾಕಿದರು. ಅಲ್ಲಿಂದ ಹದಿನೈದು ವರ್ಷ ಹಡಗಿನ ತಳ ನೋಡಿದ, ಸಮುದ್ರದ ತಳ ನೋಡಿದ. ಕಕ್ಕಸಿನ ಕಡೆಯಿಂದ ಹೋಗಿ ಆ ಕೆಲಸ ಹಿಡಿದವನು ಆ ಹಡಗಿನಲ್ಲಿ ಅವನಿಗಿಂತ ಮುಂಚೆ ಯಾರೂ ಇರಲಿಲ್ಲ.

ಊರಿಗೆ ಬಂದ ಮೇಲೆ ಅವನು ಸಮುದ್ರದ ಕಥೆ ಹೇಳಿದ್ದು ಕಡಿಮೆ. ಹೇಳಿದರೆ ಹಗ್ಗದ ಕಥೆ. ಎಂಟು ವರ್ಷ ಅವನ ಹಗ್ಗ ಹಿಡಿದವನು ಹರ್ಬನ್ಸ್ ಎಂಬ ಪಂಜಾಬಿ.

"ಕೆಳೀಕ್ ಇಳ್ದೋನ್ ಜೀವ ಮೇಲ್ ನಿಂತೋನ್ ಕೈಲಿರ್ತದೆ," ಅನ್ನುತ್ತಿದ್ದ. "ಅದ್ಕೇ ಅಗ್ಗ ಇಡ್ದೋನು ಬೀಡಿ ಸೇದಂಗಿಲ್ಲ, ಮಾತಾಡಂಗಿಲ್ಲ. ಕೈ ನೋಯ್ತದೆ ಅಂತ ಎಲ್ಲಾದ್ರೂ ಕಟ್ಟಂಗೂ ಇಲ್ಲ. ಕಟ್ಟಿದ್ರೆ ಅದು ಅಗ್ಗ ಅಲ್ಲ, ಉರುಲು. ಹರ್ಬನ್ಸಂಗೆ ನನ್ ಜಾತಿ ಗೊತ್ತಿತ್ತು. ಒಂದಿನಾನೂ ಅಗ್ಗ ಬುಡ್ನಿಲ್ಲ."

ಹರ್ಬನ್ಸ್ ಇಲ್ಲದ ಊರಿನಲ್ಲಿ ಹಗ್ಗ ಹಿಡಿಯುವುದನ್ನು ಸಾಕಮ್ಮ ಕಲಿತಳು. ಅವಳು ಜಗಲಿಯಲ್ಲಿ, ಅವನು ಬಾಗಿಲ ಹಿಂದೆ. ಒಂದು ಜಗ್ಗಿದರೆ, ಚೆನ್ನಾಗಿದ್ದೀನಿ. ಎರಡು ಜಗ್ಗಿದರೆ, ಇನ್ನಷ್ಟು ಹಗ್ಗ ಬಿಡು. ಮೂರಕ್ಕೆ, ಸಿಕ್ಕಿತು. ನಾಲ್ಕಕ್ಕೆ, ಎಳೆ. ಅಕ್ಕಪಕ್ಕದ ಹೆಂಗಸರು ಬಂದು ಮಾತಿಗೆ ಕೂತರೂ ಬಿಡುತ್ತಿರಲಿಲ್ಲ. ಅವಳು ನಗುತ್ತಾ ಎಣಿಕೆ ತಪ್ಪಿದರೆ ಒಳಗಿನಿಂದ ಕೂಗುತ್ತಿದ್ದ: "ನಾನ್ ಸತ್ತೆ ಕಣಮ್ಮಿ. ಇನ್ನೊಂದ್ ಮದ್ವೆ ಆಗು." ಒಂದು ತಿಂಗಳಿಗೆ ಅವಳ ಅಂಗೈ ಎಣಿಸುವುದನ್ನು ಕಲಿಯಿತು. ತಲೆಗೆ ಕೆಲಸವೇ ಇರಲಿಲ್ಲ.

ಕಲಿಯಬೇಕಾದದ್ದು ಹೊಳೆಯಲ್ಲಿ ಹೆಣಗಳಿದ್ದುದರಿಂದ. ಮೇಲಿನ ಸೋಪಾನದ ಕೆಳಗೆ ಒಂದು ಮಡು. ವರ್ಷಕ್ಕೊಬ್ಬರೋ ಇಬ್ಬರೋ ಅದಕ್ಕೆ ಹೋಗುತ್ತಿದ್ದರು. ಮೀಯಲು ಬಂದ ಪರಸ್ಥಳದವರು, ಎಮ್ಮೆ ಹಿಡಿಯಲು ಹೋದ ಹುಡುಗರು, ಬದುಕು ಸಾಕೆನಿಸಿದ ಹೆಂಗಸರು. ಊರವರು ಕೇರಿಗೆ ಆಳು ಕಳಿಸುತ್ತಿದ್ದರು. ಮಂಟೇಸ್ವಾಮಿ ಹದಿನೆಂಟು ವರ್ಷದಲ್ಲಿ ಹತ್ತೊಂಬತ್ತು ಹೆಣ ತೆಗೆದ.

ಅದಕ್ಕೊಂದು ಕಟ್ಟುಪಾಡಿತ್ತು. ಮೇಲಿನ ಸೋಪಾನಕ್ಕೆ ಅವನು ಮೆಟ್ಟಿಲಿಳಿದು ಬರುವ ಹಾಗಿಲ್ಲ. ಕೇರಿಯ ಕೆಳಕಡವಿನಲ್ಲಿ ನೀರಿಗಿಳಿದು, ಸೆಳವಿಗೆ ಎದುರಾಗಿ ಈಜಿಕೊಂಡು ಬರಬೇಕು. ಬಂದವನು ಆಗಲೇ ಏದುತ್ತಿರುತ್ತಿದ್ದ. ಆಮೇಲೆ ಮುಳುಗಬೇಕು. ಹೆಣ ಸಿಕ್ಕರೆ ಮೂರನೇ ಮೆಟ್ಟಿಲ ಮೇಲೆ ಮಲಗಿಸಿ, ತಾನು ಮೆಟ್ಟಿಲು ಮುಟ್ಟದೆ ಹಿಂದಕ್ಕೆ ಈಜಿಕೊಂಡು ಹೋಗಬೇಕು. ಎರಡು ಕಡವಿನ ನಡುವೆ ಒಂದು ಬಂಡೆ. ಸಾಕಮ್ಮ ಅದರ ಮೇಲೆ ಮಂಡಿಯೂರಿ ಹಗ್ಗ ಹಿಡಿಯುತ್ತಿದ್ದಳು. ಊರ ಗಂಡಸರು ಮೆಟ್ಟಿಲ ಮೇಲೆ ಕೈಕಟ್ಟಿ ನಿಲ್ಲುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದವರು ಒಬ್ಬರಿಲ್ಲ. ಒದ್ದೆಯಾದ ಹಗ್ಗ ಅವನ ಮೈಯಿಂದ ನೇರ ಬಂದದ್ದು. ಒಣಗಿದ್ದರೆ ಬೇರೆ ಮಾತಾಗುತ್ತಿತ್ತೇನೋ. ನೀರಿನ ಕೆಲಸದಲ್ಲಿ ಒಣಗಿದ ಹಗ್ಗ ಎಲ್ಲಿಂದ ತರುವುದು?

"ಒಳೆ ನೀರ್ಗೆ ಮೈಲ್ಗೆ ಇಲ್ವಂತೆ, ಅಗ್ಗದ್ ನೀರ್ಗೆ ಅದ್ಯಂತೆ," ಅನ್ನುತ್ತಿದ್ದಳು ಪಕ್ಕದ ಮನೆಯ ಮರಿತಾಯಮ್ಮ. "ಎರಡೂ ಒಂದೇ ಒಳೇವಲ್ವ, ಲೇ ಮಂಟೇಸಾಮಿ?"

"ನಂಗೇನ್ ಕೇಳೀಯೇ ಅತ್ತೆ. ನಾನ್ ಉಪ್ ನೀರೋನು," ಅನ್ನುತ್ತಿದ್ದ ಅವನು.

*

ಅವನು ಸತ್ತದ್ದು ತೊಂಬತ್ತೊಂಬತ್ತರ ಶ್ರಾವಣದಲ್ಲಿ. ಆ ದಿನ ಸಾಕಮ್ಮ ಊರಿನಲ್ಲಿರಲಿಲ್ಲ. ಅಂಗನವಾಡಿ ಅರ್ಜಿಗೆ ಇಂದ್ರಾಣಿಯ ಜಾತಿ ಸರ್ಟಿಫಿಕೇಟು ಬೇಕಿತ್ತು. ತಾಯಿ ಮಗಳು ಬೆಳಗಿನ ಬಸ್ಸಿಗೆ ನರಸೀಪುರಕ್ಕೆ ಹೋಗಿದ್ದರು. ಕೇರಿಯ ಗಂಡಸರು ಬನ್ನೂರು ಕಡೆ ಕಬ್ಬು ಕಡಿಯಲು ಹೋಗಿದ್ದರು. ಮೇಲೆ ಅಣೆಕಟ್ಟೆಯಲ್ಲಿ ನೀರು ಬಿಟ್ಟು ಕಪಿಲೆ ಕೆಂಪಗೆ ಹರಿಯುತ್ತಿತ್ತು.

ದೇವಸ್ಥಾನದ ಪಾತ್ರೆ ಬೆಳಗುವಾಗ ಹರಿವಾಣ ಜಾರಿ ಮಡುವಿಗೆ ಬಿತ್ತು. ಸಂಜೆ ಪೂಜೆಗೆ ಅದು ಬೇಕೇ ಬೇಕು. ಪುಟ್ಟಸ್ವಾಮಿ ಕೆಳಕಡವಿಗೆ ಬಂದು ಕೂಗಿದ. ಬಟ್ಟೆ ಒಗೆಯುತ್ತಿದ್ದ ಮರಿತಾಯಮ್ಮನ ಕಿವಿಗೆ ಎಲ್ಲವೂ ಬಿತ್ತು.

"ಇವತ್ತಾಗಲ್ಲ ಬುದ್ಧಿ. ಅಗ್ಗ ಇಡಿಯೋಳಿಲ್ಲ. ನಾಳೀಕೆ ನೋಡನ," ಅಂದ ಮಂಟೇಸ್ವಾಮಿ.

"ನಾಳೀಕ್ ಅದು ನರಸೀಪುರ ಸೇರ್ತದೆ. ಇಳೀಲಾ. ಅಗ್ಗ ನಾನ್ ಇಡೀತೀನಿ."

"ನೀವಾ?"

"ನಾನೇ ಕಣ್ಲಾ. ದೇವ್ರ್ ಕೆಲ್ಸ."

ಆಗ ಮಂಟೇಸ್ವಾಮಿಗೆ ಐವತ್ತೇಳು. ಪುಟ್ಟಸ್ವಾಮಿಯ ಮುಖ ಒಂದು ಗಳಿಗೆ ನೋಡಿದ. ಆಮೇಲೆ ಒಂದೊಂದಾಗಿ ನಾಲ್ಕು ಜಗ್ಗಿನ ಲೆಕ್ಕ ಹೇಳಿಕೊಟ್ಟ, ಎರಡು ಸಲ. ಪುಟ್ಟಸ್ವಾಮಿ ತಿರುಗಿ ಒಪ್ಪಿಸಿದ. ಮಂಟೇಸ್ವಾಮಿ ನೀರಿಗಿಳಿದು, ಈಜಿಕೊಂಡು ಮೇಲಿನ ಸೋಪಾನಕ್ಕೆ ಬಂದು, ಹಗ್ಗದ ತುದಿ ಮೆಟ್ಟಿಲ ಮೇಲೆ ಎಸೆದು ಮುಳುಗಿದ.

ಸಂಜೆ ನಾಲ್ಕರ ಬಸ್ಸಿಗೆ ಸಾಕಮ್ಮ ಇಳಿದಾಗ ಮರಿತಾಯಮ್ಮ ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದಳು. ಅವಳ ಎರಡು ಅಂಗೈಯೂ ಹಗ್ಗ ಉಜ್ಜಿ ಕಿತ್ತುಹೋಗಿದ್ದವು.

"ಪುಟ್ಟಸಾಮಯ್ಯನೋರು ಅಗ್ಗಾನ ಸೋಪಾನದ್ ಕಂಬಕ್ ಕಟ್ಬುಟ್ರು ಕಣವ್ವ," ಅಂದಳು. "ಕೈಯಲ್ ಇಡೀನಿಲ್ಲ. ಪಂಚೆ ತುದೀಲಿ ಇಡ್ದು ಕಂಬಕ್ ಸುತ್ತಿ ಗಂಟಾಕ್ಬುಟ್ಟು, ಅತ್ತಗ್ ಓಗಿ ನಿಂತ್ಕಂಡ್ರು. ಕೊಂಚ ವೊತ್ತಾಯ್ತು. ಅಗ್ಗ ಕುಣೀತು."

"ಎಷ್ಟ್ ಸಲ ಅತ್ತೆ?"

"ಮೊದ್ಲು ಮೂರ್ ಸಲ. ಆಮೇಕ್ ನಾಕ್ ಸಲ. ತಡ್ದು ಇನ್ನೊಂದಪ ನಾಕು. ಇನ್ನೊಂದಪ ನಾಕು. ಅಗ್ಗ ಕುಣೀತದೆ ನೋಡ್ರೋ ಅಂತ ಈ ದಡದಿಂದ ಬಡ್ಕಂಡೆ. ಅಯ್ಯನೋರು, ಮೀನಿರ್ಬೇಕು ಸುಮ್ಕಿರು ಅಂದ್ರು. ಆಮೇಕ್ ಅದು ಕುಣೀನಿಲ್ಲ."

ಮರಿತಾಯಮ್ಮನಿಗೆ ಆ ಲೆಕ್ಕದ ಅರ್ಥ ಗೊತ್ತಿರಲಿಲ್ಲ. ನೋಡಿದ್ದನ್ನು ಹೇಳಿದಳು, ಅಷ್ಟೆ. ಅರ್ಥ ಗೊತ್ತಿದ್ದವಳು ಬಸ್ ಸ್ಟ್ಯಾಂಡಿನ ನೆಲದ ಮೇಲೆ ಕೂತುಬಿಟ್ಟಳು. ಮೂರು: ಸಿಕ್ಕಿತು. ನಾಲ್ಕು: ಎಳೆ. ಎಳೆ. ಎಳೆ.

ಅರ್ಧ ಗಂಟೆ ಕಾದು ಊರವರಿಗೆ ಅನುಮಾನ ಬಂದಿತ್ತು. ಆಗಲೂ ಯಾರೂ ಎಳೆಯಲಿಲ್ಲ. ಕಟ್ಟುಪಾಡನ್ನು ಆ ಹೊತ್ತಿನ ಮಟ್ಟಿಗೆ ಬದಿಗಿಟ್ಟು ಕೇರಿಯ ಹೆಂಗಸರನ್ನು ಮೆಟ್ಟಿಲಿಗೆ ಕರೆಸಿದರು. ಗಂಟು ಬಿಚ್ಚಲಾಗದೆ, ಕಂಬಕ್ಕೆ ಕಾಲು ಕೊಟ್ಟು ಐದು ಜನ ಎಳೆದರು. ಕೆಳಗೆ ಮುಳುಗಿದ್ದ ಜಾಲಿಮರದ ಕೊಂಬೆಗೆ ಅವನ ಕಾಲು ಸಿಕ್ಕಿತ್ತು. ಐದು ಹೆಂಗಸರು ಎಳೆದರೆ ಬಿಡಿಸಿಕೊಳ್ಳುವಷ್ಟೇ ಸಿಕ್ಕಿತ್ತು. ಒಬ್ಬ ಗಂಡಸು ಹೊತ್ತಿಗೆ ಸರಿಯಾಗಿ ಎಳೆದಿದ್ದರೂ ಸಾಕಿತ್ತು. ಹರಿವಾಣ ಅವನ ಚಡ್ಡಿಯ ಲಾಡಿಗೆ ಭದ್ರವಾಗಿತ್ತು. ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಗಂಜಲ ಚಿಮುಕಿಸಿ ಒಳಗೆ ತೆಗೆದುಕೊಂಡರು. ಆ ಸಂಜೆಯ ಮಂಗಳಾರತಿ ಅದರಲ್ಲೇ ಆಯಿತು. ಗಂಟೆಯ ಸದ್ದು ಕೇರಿಗೆ ಕೇಳಿಸುತ್ತಿತ್ತು. ಹೆಣ ಜಗಲಿಯ ಮೇಲಿತ್ತು.

ಮಹಜರಿನಲ್ಲಿ, ಸ್ನಾನಕ್ಕೆ ಇಳಿದಾಗ ಕಾಲು ಜಾರಿ ಎಂದು ಬರೆದುಕೊಂಡು ಹೋದರು.

*

ಸನ್ಮಾನಕ್ಕೆ ಮೂರು ದಿನ ಇರುವಾಗ ಆಹ್ವಾನಪತ್ರಿಕೆ ಬಂತು. ಸಾಕಮ್ಮನಿಗೆ ಓದು ಬಾರದು. ಇಂದ್ರಾಣಿ ಓದಿದಳು: "ಮುಳುಗುತ್ತಿದ್ದ ಭಕ್ತಾದಿಗಳನ್ನು ರಕ್ಷಿಸಲು ಹೋಗಿ ಪ್ರಾಣಾರ್ಪಣೆ ಮಾಡಿದ ವೀರ ನೌಕಾಯೋಧ..." ಕಲ್ಲಿನ ಮೇಲೂ ಇದೇ ಸಾಲು ಕೆತ್ತಿಸಿದೆ ಎಂದು ಕೆಳಗೆ ಅಚ್ಚಾಗಿತ್ತು.

"ಯಾರವ್ವ ಮುಳುಗ್ತಿದ್ದೋರು?"

"ಅರಿವಾಣ," ಅಂದಳು ಇಂದ್ರಾಣಿ.

ಸಾಕಮ್ಮ ಸೀರೆ ಬದಲಿಸಿ ಹೈಸ್ಕೂಲಿಗೆ ಹೋದಳು. ಕೃಷ್ಣಪ್ರಸಾದ್ ಮಾಸ್ತರು ಸಿಡುಕಲಿಲ್ಲ. ಎದ್ದು ವರಾಂಡಕ್ಕೆ ಬಂದು ಕೇಳಿದರು.

"ಇನ್ನೊಂದು ಸಾಲು ಬರೀಬೇಕು ಸಾ. ಅವತ್ ಅಗ್ಗ ಯಾರ್ ಇಡ್ದಿದ್ರು ಅಂತ."

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ಕಲ್ಲಿನ ಮೇಲೆ ಅಂಥದ್ದು ಬರೆಯೋದಿಲ್ಲ. ನಾನು ಬರೆದದ್ದು ನಿನ್ನ ಗಂಡನ ಮರ್ಯಾದೆಗೇ. ಒಂದು ತಟ್ಟೆಗೋಸ್ಕರ ಸತ್ತ ಅಂತ ಮೊಮ್ಮಕ್ಕಳು ಓದಿದರೆ ಚೆನ್ನಾಗಿರುತ್ತಾ? ಜನರನ್ನು ಉಳಿಸಲು ಹೋಗಿ ಸತ್ತ ಅಂದರೆ ಅವನೂ ದೊಡ್ಡವನಾಗ್ತಾನೆ, ಊರಿಗೂ ಕೆಟ್ಟ ಹೆಸರು ಬರೋದಿಲ್ಲ."

"ಅವ್ನು ದೊಡ್ಡೋನಾಗೋದ್ನ ನೀರ್ ತಳದಲ್ಲೇ ಮುಗ್ಸವ್ನೆ ಸಾ. ಅದ್ಕೆ ನಿಮ್ ಸುಳ್ ಬ್ಯಾಡ."

"ನಿನ್ನ ಮಗಳ ಭವಿಷ್ಯ ಯೋಚನೆ ಮಾಡು," ಎಂದರು ಮಾಸ್ತರು. ಬೆದರಿಸಿ ಹೇಳಲಿಲ್ಲ. ನಿಜವಾಗಿಯೂ ಒಳ್ಳೆಯದಾಗಲಿ ಎಂದೇ ಹೇಳಿದರು. ಸಾಕಮ್ಮನಿಗೆ ಅದೇ ಸಂಕಟವಾದದ್ದು.

ಮಗಳಿಗೆ ಇಪ್ಪತ್ತಮೂರು. ಪಿಯುಸಿ ಪಾಸು. ಕೇರಿಯಲ್ಲಿ ಅಷ್ಟು ಓದಿದ ಹುಡುಗಿ ಬೇರೆ ಇರಲಿಲ್ಲ. ಒಂದು ಗಂಟೆ ಬಾಯಿ ಮುಚ್ಚಿಕೊಂಡು ಬಟ್ಟೆ ಸರಿಸಿ ಬಂದರೆ ಕೆಲಸ ಊರಿನಲ್ಲೇ, ಬಿಸಿಲು ಕಾಣದ ಕೆಲಸ. ಸನ್ಮಾನದ ದಿನ ಬೆಳಗ್ಗೆ ಸಾಕಮ್ಮ ಮುದ್ದೆ ತಿರುವುತ್ತಾ ಕೇಳಿದಳು:

"ಏನ್ ಮಾಡನ ಮಗ? ಕೆಲ್ಸ ನಿಂದು. ನೀನ್ ಯೋಳ್ದಂಗೆ."

ಇಂದ್ರಾಣಿ ಆ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಳು. ಹೊರಗೆ ತೆಗೆದು ನೋಡಿದಳು. "ಅಪ್ಪ ಸಾಯ್ವಾಗ ನಾವು ಇದ್ಕೇ ಅಲ್ವ ಕ್ಯೂ ನಿಂತಿದ್ದದ್ದು," ಅಂದಳು. ಅದನ್ನು ಮತ್ತೆ ಕವರಿಗೆ ಹಾಕಿ, "ಅಗ್ಗ ಎಲ್ಲಿಟ್ಟಿದ್ದೀಯವ್ವ?" ಎಂದು ಕೇಳಿದಳು.

ಹಗ್ಗ ಅಟ್ಟದ ಮೇಲಿತ್ತು. ಇಪ್ಪತ್ತು ಮಾರು. ತಾಯಿ ಮಗಳು ಕೆಳಕಡವಿಗೆ ಹೊತ್ತುಕೊಂಡು ಹೋಗಿ ನೀರಿನಲ್ಲಿ ಅದ್ದಿ ನೆನೆಹಾಕಿದರು. ನೆನೆದ ಹಗ್ಗ ಎರಡರಷ್ಟು ತೂಗುತ್ತದೆ. ಸಾಕಮ್ಮ ಅದನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಸೀರೆ, ರವಿಕೆ ಎಲ್ಲ ತೊಯ್ದವು. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಊರೊಳಗಿನ ದಾರಿಯಿಂದ ಮೇಲಿನ ಸೋಪಾನಕ್ಕೆ ನಡೆದಳು. ಅವಳು ನಡೆದ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿತು.

ಶಾಮಿಯಾನದಲ್ಲಿ ಇನ್ನೂರು ಜನ. ಚಂಗಪ್ಪ ಎದ್ದು ನಿಂತು ಕೈ ಮುಗಿದರು. ಎಪ್ಪತ್ತು ದಾಟಿದ, ನೆಟ್ಟಗಿನ ಆಳು. ಹೆಡ್‌ಮಾಸ್ತರು ಮೈಕಿನಲ್ಲಿ, "ಶ್ರೀಮತಿ ಸಾಕಮ್ಮನವರು ವೀರಯೋಧರು ಬಳಸುತ್ತಿದ್ದ ಹಗ್ಗವನ್ನೇ ಪ್ರದರ್ಶನಕ್ಕೆ ತಂದಿದ್ದಾರೆ," ಎಂದರು. ಜನ ಚಪ್ಪಾಳೆ ತಟ್ಟಿದರು. ಸಾಕಿ ಎನ್ನುತ್ತಿದ್ದ ಊರಿನ ಬಾಯಲ್ಲಿ ಸಾಕಮ್ಮನವರು ಎಂದು ಕೇಳಿ ಹಿಂದೆ ನಿಂತಿದ್ದ ಮರಿತಾಯಮ್ಮ, "ಇವತ್ ಒಳೆ ಮ್ಯಾಕ್ ಅರೀತದೆ," ಅಂದಳು.

ಪುಟ್ಟಸ್ವಾಮಿ ಶಾಲು ಬಿಚ್ಚಿಕೊಂಡು ಮುಂದೆ ಬಂದ. ಸಾಕಮ್ಮ ಹಗ್ಗದ ಒಂದು ತುದಿ ಬಿಡಿಸಿ ಅವನ ಮುಂದೆ ಚಾಚಿದಳು. ಬುದ್ಧಿ ಎನ್ನಲಿಲ್ಲ.

"ಅದ್ಯಕ್ಸರೇ, ಶಾಲು ಆಮೇಲೆ. ಮೊದ್ಲು ಇದ ಇಡ್ಕಳಿ."

"ಏನಮ್ಮಿ ಇದು?"

"ಅಗ್ಗ. ನಾನ್ ಇಡೀತೀನಿ ಅಂದಿದ್ರಲ್ಲ. ಆಗಲ್ಲ ಅಂದೋನು, ನಿಮ್ ಮಾತ್ ಕೇಳಿ ಇಳ್ದ. ಈಗ ಇಡ್ಕಳಿ. ಇನ್ನೂರ್ ಜನ ನೋಡ್ಲಿ."

ಹಗ್ಗದ ತುದಿಯಿಂದ ನೀರು ವೇದಿಕೆಯ ಜಮಖಾನದ ಮೇಲೆ ಬೀಳುತ್ತಿತ್ತು. ಪುಟ್ಟಸ್ವಾಮಿಯ ಬಲಗೈ ಮುಂದೆ ಬಂತು. ಬಂದದ್ದು ನಿಜ, ಎಲ್ಲರೂ ನೋಡಿದರು. ಆಮೇಲೆ ಅವನು ಮುಂದಿನ ಸಾಲಿನಲ್ಲಿ ಕೂತಿದ್ದ ತನ್ನ ಕಡೆಯವರ ಮುಖ ನೋಡಿದ. ಕೈ ಹಿಂದಕ್ಕೆ ಹೋಯಿತು. ಮುಟ್ಟದೇ ಇದ್ದ ಆ ಕೈಯನ್ನು ಪಂಚೆಗೆ ಒರೆಸಿಕೊಂಡ.

ಚಂಗಪ್ಪ ಎದ್ದು ಬಂದು ತುದಿ ಹಿಡಿದರು. ಹಗ್ಗ ನೋಡಿದರು, ಸೋಪಾನ ನೋಡಿದರು. ಅವರಿಗೆ ಆ ಕೆಲಸ ಗೊತ್ತಿತ್ತು. "ಆ ದಿನ ಇದನ್ನು ಹಿಡಿದಿದ್ದವರು ಯಾರಮ್ಮ?"

ಸಾಕಮ್ಮ ಸೋಪಾನದ ಕಂಬ ತೋರಿಸಿದಳು. ಹಗ್ಗ ಉಜ್ಜಿದ ಗುರುತು ಕಂಬದ ಮೇಲೆ ಇನ್ನೂ ಇತ್ತು.

"ಅದು ಸಾ. ಮೂರ್ ಸಲ ಎಳೀ ಅಂತ ಜಗ್ಗವ್ನೆ ನನ್ ಗಂಡ. ಕಂಬಕ್ಕೆ ತಿಳೀನಿಲ್ಲ. ಮನುಸ್ರು ಪಕ್ಕದಲ್ಲೇ ನಿಂತಿದ್ರು. ಅವ್ನ್ ಇಳ್ದಿದ್ದು ಯಾರ್ನೂ ಉಳ್ಸಕಲ್ಲ, ಬೆಳ್ಳಿ ತಟ್ಟೆ ತೆಗಿಯಕೆ. ತೆಗ್ದ್ ಕೊಟ್ಟವ್ನೆ. ಗುಡಿ ಒಳಗದೆ, ಬೇಕಾದ್ರೆ ನೋಡ್ಬನ್ನಿ. ನನ್ನ ಒಳಕ್ ಬುಡಲ್ಲ."

ಹೆಡ್‌ಮಾಸ್ತರು ಮೈಕು ಆರಿಸಿದರು. ಮೈಕಿಲ್ಲದೆಯೂ ಅವಳ ಮಾತು ಕೊನೆಯ ಸಾಲಿಗೆ ಕೇಳುತ್ತಿತ್ತು.

"ಈ ಶಾಲು ನಂಗ್ ಬ್ಯಾಡ. ಆ ಕಂಬಕ್ ಒದಿಸಿ. ಅವತ್ ಅಗ್ಗ ಇಡ್ದಿದ್ದು ಅದೊಂದೇಯ."

ಕಲ್ಲಿನ ಮೇಲಿನ ಬಟ್ಟೆಯನ್ನು ಅವಳು ಸರಿಸಲಿಲ್ಲ. ಚಂಗಪ್ಪನವರ ಕೈಯಿಂದ ಹಗ್ಗದ ತುದಿ ತೆಗೆದುಕೊಂಡು ಮೆಟ್ಟಿಲಿಳಿದಳು. ಒಂದು, ಎರಡು, ಮೂರು. ಮೂರನೇ ಮೆಟ್ಟಿಲ ಮೇಲೆ ನಿಂತು ಹಗ್ಗ ಸುತ್ತಿಕೊಂಡಳು. ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು.

*

ಚಂಗಪ್ಪನವರು ಪೇಟ ಹಾಕಿಸಿಕೊಳ್ಳದೆ ಹೋದರು. ಮರುತನಿಖೆ ಆಗಬೇಕೆಂದು ಎರಡು ಸಲ ಮೇಲಕ್ಕೆ ಬರೆದರು. ಪರಿಶೀಲಿಸಲಾಗುವುದು ಎಂದು ಎರಡು ಸಲ ಉತ್ತರ ಬಂತು. ಹಗ್ಗವನ್ನು ಸಂಘದ ಗಾಜಿನ ಬೀರುವಿಗೆ ಕೇಳಿದರು. ಸಾಕಮ್ಮ ಕೊಡಲಿಲ್ಲ. ಕಲ್ಲು ಪಂಚಾಯ್ತಿ ಹಿತ್ತಲಲ್ಲಿ ಮುಖ ಕೆಳಗಾಗಿ ಬಿದ್ದಿದೆ. ಅಂಗನವಾಡಿ ಕೆಲಸ ಬೇರೆ ಹುಡುಗಿಗೆ ಹೋಯಿತು. ಇಂದ್ರಾಣಿ ಐದೂವರೆಯ ಬಸ್ಸಿಗೆ ನಂಜನಗೂಡಿನ ಫ್ಯಾಕ್ಟರಿಗೆ ಹೋಗುತ್ತಾಳೆ, ನಿಂತುಕೊಂಡು ಡಬ್ಬ ತುಂಬುವ ಕೆಲಸ, ತಿಂಗಳಿಗೆ ಸಾವಿರದ ನಾನೂರು. ಹರಿವಾಣದಲ್ಲಿ ಈಗಲೂ ಮಂಗಳಾರತಿ ಆಗುತ್ತದೆ.

ಮುಂದಿನ ಬೇಸಗೆಯಲ್ಲಿ ಮಡುವಿಗೆ ಮತ್ತೊಬ್ಬ ಬಿದ್ದ. ಊರವರು ಕೇರಿಗೆ ಆಳು ಕಳಿಸಿದರು. ಮಂಟೇಸ್ವಾಮಿಯ ಕೈಯಲ್ಲಿ ಈಜು ಕಲಿತವರು ಕೇರಿಯಲ್ಲಿ ಮೂವತ್ತು ಜನರಿದ್ದಾರೆ. ಮೂವತ್ತೂ ಜನ ಒಂದೇ ಮಾತು ಕೇಳಿದರು: "ಅಗ್ಗ ಯಾರ್ ಇಡೀತೀರಿ?" ಬಂದವನು ಹಿಂದಕ್ಕೆ ಹೋದ. ಉತ್ತರ ತೆಗೆದುಕೊಂಡು ಯಾರೂ ಬರಲಿಲ್ಲ. ಮೈಸೂರಿನಿಂದ ಬೆಂಕಿ ಆರಿಸುವವರ ಗಾಡಿ ಬರುವ ತನಕ ಹೆಣ ನೀರಿನಲ್ಲೇ ಇತ್ತು. ಸಾಕಮ್ಮ ಅದಕ್ಕೆ ಸಂತೋಷಪಡಲಿಲ್ಲ. ಸತ್ತವನ ತಾಯಿ ದಡದಲ್ಲಿ ಕೂತು ಅಳುವುದು ಕೆಳಕಡವಿಗೂ ಕೇಳಿಸುತ್ತಿತ್ತು.

ಸಾಕಮ್ಮನಿಗೆ ಗಂಡ ಹೋದ. ಇಂದ್ರಾಣಿಗೆ ಕೆಲಸ ಹೋಯಿತು. ಮಂಟೇಸ್ವಾಮಿಯ ಹೆಸರಿನ ಮೇಲೆ ಸುಳ್ಳು ನಿಲ್ಲಲಿಲ್ಲ. ಸಿಕ್ಕಿದ್ದು ಅಷ್ಟು.